32ಕ್ಕೇ ರಿಟೈರ್ಡ್!

ನಮ್ಮ ಕುಮಾರಪಟ್ಟಣದಲ್ಲಿ ರಿಟೈರ್‌ಮೆಂಟ್ ಅಂದ್ರೆ ಒಂದೇ ಚಿತ್ರ. ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಶಿಫ್ಟ್ ಮಾಡಿದವರಿಗೆ ಒಂದು ಹಾರ, ಒಂದು ಶಾಲು, ಗ್ರೂಪ್ ಫೋಟೋ. ಆಮೇಲೆ ಪಿಎಫ್ ಲೆಕ್ಕ. ಅಷ್ಟೊತ್ತಿಗೆ ತಲೆ ಬೆಳ್ಳಗಾಗಿರುತ್ತೆ.

ಇನ್ನೊಂದು ರಿಟೈರ್‌ಮೆಂಟ್ ನೋಡಿ. 2021ರ ಅಕ್ಟೋಬರ್ 1. ಭಾರತ ಹಾಕಿ ತಂಡದ ಎಸ್.ವಿ. ಸುನಿಲ್ ನಿವೃತ್ತಿ ಘೋಷಿಸಿದರು. ವಯಸ್ಸು ಬರೀ 32!

ಯಾರು ಈ ಸುನಿಲ್? ಕೊಡಗಿನ ಸೋಮವಾರಪೇಟೆಯ ಹುಡುಗ. 2007ರಲ್ಲಿ ಚೆನ್ನೈನ ಏಷ್ಯಾ ಕಪ್‌ನಲ್ಲಿ ಮೊದಲ ಬಾರಿ ಭಾರತಕ್ಕೆ ಆಡಿದರು, ತಂಡ ಗೆದ್ದಿತು. 2009ರಲ್ಲಿ ಮಲೇಷ್ಯಾದಲ್ಲಿ ಅಜ್ಲಾನ್ ಶಾ ಕಪ್ ಆಡುತ್ತಿದ್ದಾಗ ಊರಲ್ಲಿ ತಂದೆ ತೀರಿಕೊಂಡರು. ಸುನಿಲ್ ತಂಡದ ಜೊತೆಗೇ ಉಳಿದರು. ಆ ಕಪ್ಪೂ ನಮ್ಮದಾಯಿತು.

ಒಟ್ಟು 264 ಪಂದ್ಯ, 72 ಗೋಲು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಎಲ್ಲಾ ಪಂದ್ಯ ಸೋತು 12ನೇ, ಅಂದ್ರೆ ಕಟ್ಟಕಡೆಯ ಸ್ಥಾನಕ್ಕೆ ಬಿತ್ತು. ಸುನಿಲ್ ಆ ತಂಡದಲ್ಲಿದ್ದರು. ಎರಡೇ ವರ್ಷಕ್ಕೆ ಇಂಚಿಯಾನ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲೂ ಇದ್ದರು. 2017ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಆದರೆ 2021ರ ಆಗಸ್ಟ್‌ನಲ್ಲಿ, 41 ವರ್ಷಗಳ ನಂತರ, ಟೋಕಿಯೋದಲ್ಲಿ ಒಲಿಂಪಿಕ್ ಪದಕ ಬಂದಾಗ? ತಂಡದಲ್ಲಿ ಸುನಿಲ್ ಹೆಸರೇ ಇರಲಿಲ್ಲ.

ಯಾಕೆ ಇಷ್ಟು ಬೇಗ ನಿವೃತ್ತಿ? ನಾನು ಓದಿದ್ದು ಇಂಜಿನಿಯರಿಂಗ್. ಕಬ್ಬಿಣವೂ ದಣಿಯುತ್ತೆ ಅಂತ ಅಲ್ಲಿ ಕಲಿತೆ. ಭಾರ ತೀರಾ ಹೆಚ್ಚೇನೂ ಇರಬೇಕಿಲ್ಲ, ಮತ್ತೆ ಮತ್ತೆ ಬೀಳ್ತಾ ಇದ್ದರೆ ಬಿರುಕು ಬಿಡಬಹುದು. ಹಾಕಿಯ ಫಾರ್ವರ್ಡ್ ಆಟಗಾರ ಕೆಲವು ನಿಮಿಷ ಪೂರ್ತಿ ವೇಗದಲ್ಲಿ ಓಡಿ ಹೊರಗೆ ಬರ್ತಾನೆ, ದಮ್ಮು ತಗೊಂಡು ಮತ್ತೆ ಒಳಗೆ ಹೋಗ್ತಾನೆ. ಬಗ್ಗಿ ಓಡಬೇಕು, ಥಟ್ ಅಂತ ತಿರುಗಬೇಕು. ಎಲ್ಲಾ ಏಟು ಮೊಣಕಾಲಿಗೆ. 2018ರ ವಿಶ್ವಕಪ್ ಸುನಿಲ್ ಕೈತಪ್ಪಿದ್ದೂ ಮೊಣಕಾಲಿನ ಗಾಯದಿಂದಲೇ.

ಸರಿ, ಹೊಟ್ಟೆಪಾಡು? ಕೆನಡಾ, ಅಮೆರಿಕದಲ್ಲಿ ಐಸ್ ಹಾಕಿ ಆಡುವವರಿಗೆ ಕ್ಲಬ್‌ಗಳೇ ಸಂಬಳ ಕೊಡುತ್ತವೆ. ದೊಡ್ಡ ಆಟಗಾರರಿಗೆ ವರ್ಷಕ್ಕೆ ಕೋಟಿಗಟ್ಟಲೆ. ನಮ್ಮಲ್ಲಿ ಹಾಕಿ ಇಂಡಿಯಾ ಲೀಗ್ ಶುರುವಾಗಿದ್ದು 2013ರಲ್ಲಿ. ಸುನಿಲ್ ಪಂಜಾಬ್ ವಾರಿಯರ್ಸ್‌ಗೆ ಆಡಿದರು. ಆದರೆ 2017ಕ್ಕೆ ಲೀಗ್ ನಿಂತೇ ಹೋಯ್ತು! ಮತ್ತೆ ಶುರುವಾಗಿದ್ದು 2024ರ ಕೊನೆಗೆ. ಇಂಥ ಲೀಗ್ ನಂಬಿ ಮನೆ ನಡೆಸೋಕಾಗುತ್ತಾ? ಹಾಗಾಗಿ ನಮ್ಮ ಹಾಕಿ ನಿಂತಿರೋದು ನೌಕರಿಯ ಮೇಲೆ. ರೈಲ್ವೆ, ಸೇನೆ, ಪೊಲೀಸ್, ತೈಲ ಕಂಪನಿಗಳು. ಸುನಿಲ್‌ಗೆ ಭಾರತ್ ಪೆಟ್ರೋಲಿಯಂ ಇತ್ತು. ಆಟದಿಂದ ರಿಟೈರ್ ಆದರೂ ಕೆಲಸದಿಂದ ಅಲ್ಲ.

ಕಥೆಗೆ ಇನ್ನೊಂದು ತಿರುವಿದೆ. ಕಿರಿಯರಿಗೆ ದಾರಿ ಬಿಡ್ತೀನಿ ಅಂತ ಹೇಳಿ ಹೋದ ಸುನಿಲ್ 2022ರಲ್ಲಿ ವಾಪಸ್ ಬಂದರು. ಜಕಾರ್ತಾದ ಏಷ್ಯಾ ಕಪ್‌ಗೆ ಹೋದ ಹೊಸ ಹುಡುಗರ ತಂಡಕ್ಕೆ ಉಪನಾಯಕರಾದರು. ಕಂಚು ಗೆದ್ದು ಬಂದರು.

ವೀಕ್ಷಕರೇ, ನಮ್ಮ ರಾಣೆಬೆನ್ನೂರು ಕಡೆಯ ಹುಡುಗನೊಬ್ಬ ನಾಳೆ ಹಾಕಿ ಸ್ಟಿಕ್ ಕೇಳಿದರೆ, ಅಪ್ಪನ ಮೊದಲ ಪ್ರಶ್ನೆ: "ಆಟ ಆಡಿದ್ರ ಹೊಟ್ಟಿ ತುಂಬ್ತೈತೇನೋ?" ಆ ಅಪ್ಪನದ್ದು ತಪ್ಪಲ್ಲ. ಆಡಿದವನಿಗೊಂದು ನೌಕರಿ ಖಾತ್ರಿ ಇದ್ದರೆ ಅವರೇ ಸ್ಟಿಕ್ ತಂದುಕೊಡ್ತಾರೆ. ಪದಕ ಬಂದ ದಿನ ಕುಣಿಯುವ ನಾವು ಆ ನೌಕರಿಯ ಬಗ್ಗೆ ಯಾವತ್ತು ಕೇಳ್ತೀವಿ?