ಅಳದಂಗಡಿ ಊರೋ, ಬಿಂದುವೋ?

ಕನ್ನಡದ ಸಪ್ತಮೀ ವಿಭಕ್ತಿ ಬಲು ಉದಾರಿ. ಮನೆಯಲ್ಲಿ, ರಸ್ತೆಯಲ್ಲಿ, ನಿಲ್ದಾಣದಲ್ಲಿ, ಬೆಂಗಳೂರಿನಲ್ಲಿ- ಎಲ್ಲಕ್ಕೂ 'ಅಲ್ಲಿ' ಎಂಬ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿನಲ್ಲಾದರೋ ಈ ಕೆಲಸವನ್ನು 'ಇನ್', 'ಆನ್', 'ಆ್ಯಟ್' ಎಂಬ ಮೂರು ಪದಗಳು ಹಂಚಿಕೊಂಡಿವೆ. ಬೆಳ್ತಂಗಡಿ ತಾಲ್ಲೂಕಿನ ಅಳದಂಗಡಿಯಂಥ ಊರಿನಲ್ಲಿ ಮನೆಯಲ್ಲಿ ತುಳುವನ್ನೂ ಶಾಲೆಯಲ್ಲಿ ಕನ್ನಡವನ್ನೂ ಕಲಿತ ಮಗುವಿಗೆ ಇಂಗ್ಲಿಷ್ ಮೂರನೆಯ ಭಾಷೆ. ಅದು ಎಡವುವುದು ಇಲ್ಲಿಯೇ.

ಈ ತೊಡಕಿಗೆ ನಮ್ಮ ತರಗತಿಗಳಲ್ಲಿ ಸಿದ್ಧ ಸೂತ್ರವೊಂದಿದೆ: ದೇಶ, ಮಹಾನಗರಗಳಿಗೆ 'ಇನ್', ಸಣ್ಣ ಪಟ್ಟಣ, ಹಳ್ಳಿಗಳಿಗೆ 'ಆ್ಯಟ್'. ರೆನ್ ಮತ್ತು ಮಾರ್ಟಿನ್ ಅವರ ಪ್ರಸಿದ್ಧ ವ್ಯಾಕರಣದ ಮೂಲಕ ತಲೆಮಾರುಗಳು ಇದನ್ನು ಕಂಠಪಾಠ ಮಾಡಿವೆ. ಸರ್ಕಾರಿ ಸೇವೆಯುದ್ದಕ್ಕೂ ನಾನು ತಿದ್ದಿದ ಕರಡುಗಳಲ್ಲೂ ಇದೇ ತಾರತಮ್ಯ: ಬೆಂಗಳೂರಿಗೆ 'ಇನ್', ಹಳ್ಳಿಗೆ 'ಆ್ಯಟ್'.

ವಾಸ್ತವದಲ್ಲಿ ಇದು ಗಾತ್ರದ ಪ್ರಶ್ನೆಯಲ್ಲ, ದೃಷ್ಟಿಯ ಪ್ರಶ್ನೆ. ಸ್ಥಳವನ್ನು ಬಿಂದುವೆಂದು ಕಂಡರೆ 'ಆ್ಯಟ್', ಮೇಲ್ಮೈಯೆಂದು ಕಂಡರೆ 'ಆನ್', ಆವರಣವೆಂದು ಕಂಡರೆ 'ಇನ್'. ಗುರುವಾಯನಕೆರೆಯಿಂದ ಹೊರಟ ಬಸ್ಸು ಅಳದಂಗಡಿಯಲ್ಲಿ ನಿಂತರೆ 'ಆ್ಯಟ್' ಸರಿ. ಬಸ್ಸಿಗೆ ಅದೊಂದು ನಿಲುಗಡೆ ಮಾತ್ರ. ವಿಮಾನ ದಾರಿಯಲ್ಲಿ ಇಳಿದು ಮುಂದೆ ಹೋಗುವಾಗ ಲಂಡನ್ನಿಗೂ 'ಆ್ಯಟ್' ಸಲ್ಲುತ್ತದೆ. ಆದರೆ ಅಳದಂಗಡಿಯಲ್ಲಿ ಹುಟ್ಟಿ ಬೆಳೆದವರಿಗೆ ಅದು ಬಿಂದುವಲ್ಲ. 1604ರಲ್ಲಿ ವೇಣೂರಿನ ಬಾಹುಬಲಿಯನ್ನು ಸ್ಥಾಪಿಸಿದ ಅಜಿಲರ ವಂಶದ ಅರಮನೆ, ಗದ್ದೆ, ಅಡಿಕೆ ತೋಟಗಳೆಲ್ಲ ಅದರ ಒಳಗಿವೆ. ಅಲ್ಲಿ ವಾಸಿಸುವವರು ನಿಸ್ಸಂಕೋಚವಾಗಿ 'ಇನ್' ಎನ್ನಬಹುದು.

ಮಕ್ಕಳಿಗೆ ಇದನ್ನು ಕನ್ನಡದ ಮೂಲಕವೇ ತಿಳಿಸಬಹುದು. 'ಅಲ್ಲಿ'ಯನ್ನು ಬಿಡಿಸಿ ನೋಡಿದಾಗ 'ಒಳಗೆ' ಎಂಬ ಅರ್ಥ ಹೊರಟರೆ 'ಇನ್', 'ಮೇಲೆ' ಎಂದಾದರೆ 'ಆನ್', 'ಬಳಿ' ಎಂದಾದರೆ 'ಆ್ಯಟ್'. ಹಳಗನ್ನಡದ ಸಪ್ತಮಿಯೇ 'ಒಳ್' ಆಗಿತ್ತೆಂಬುದು ಇಲ್ಲಿ ಸ್ಮರಣೀಯ. ಈ ಕೀಲಿಕೈ ಎಲ್ಲ ಬೀಗಗಳಿಗೂ ಹೊಂದದು. ಕಾರಿಗೆ 'ಇನ್', ಬಸ್ಸಿಗೆ 'ಆನ್' ಎಂಬುದು ಕೇವಲ ರೂಢಿ. ಬೀದಿಗೆ ಬ್ರಿಟಿಷರು 'ಇನ್' ಎಂದರೆ ಅಮೆರಿಕನ್ನರು 'ಆನ್' ಎನ್ನುತ್ತಾರೆ. ಆಡುವವರಲ್ಲೇ ಇಷ್ಟು ಭೇದವಿರುವಾಗ ಒಂದು ಉಪಸರ್ಗಕ್ಕಾಗಿ ಗ್ರಾಮೀಣ ಅಭ್ಯರ್ಥಿಯನ್ನು ಸಂದರ್ಶನದಲ್ಲಿ ನಗೆಪಾಟಲು ಮಾಡುವುದು ಅನ್ಯಾಯ.

ರಾಜ್ಯದ ಸರ್ಕಾರಿ ಶಾಲೆಗಳಿಗೆ 2007ರಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದಿತು. ಭಾಷೆ ಬಂದರೆ ಸಾಲದು, ಅದರ ತರ್ಕವೂ ಬರಬೇಕು. ಗಾತ್ರದ ಸೂತ್ರವನ್ನು ಕೈಬಿಟ್ಟು, ಮಗುವಿನ ಊರಿನ ನಕ್ಷೆಯನ್ನು ಕರಿಹಲಗೆಯ ಮೇಲೆ ಬರೆದು ಪಾಠ ಆರಂಭಿಸಲಿ. ತನ್ನ ಊರು ಬರೀ ಚುಕ್ಕೆಯೆಂದು ಕಲಿಸುವ ವ್ಯಾಕರಣ ಯಾವ ಮಗುವಿಗೂ ಬೇಡ.