ಕಬ್ಬಿನ ಹಂಗಾಮು ಮತ್ತು ಉರಿಯದ ಕೆಂಪು ದೀಪ

ಮಳೆಗಾಲ ಮುಗಿದು ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡಿದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ರಸ್ತೆಗಳ ತುಂಬ ಟ್ರ್ಯಾಕ್ಟರ್‌ಗಳು. ಕಡಿದ ಕಬ್ಬು ತಡವಾದಷ್ಟೂ ತೂಕ ಮತ್ತು ಸಕ್ಕರೆ ಅಂಶ ಎರಡನ್ನೂ ಕಳೆದುಕೊಳ್ಳುವುದರಿಂದ ಸಾಗಣೆ ಹಗಲೂ ರಾತ್ರಿ ನಡೆಯುತ್ತದೆ. ಒಂದು ಎಂಜಿನ್ನಿಗೆ ಎರಡು ಡಬ್ಬಿ (ಟ್ರೇಲರ್), ಮೇಲೆ ಟನ್ನುಗಟ್ಟಲೆ ಕಬ್ಬು. ಹಿಂದೆ ಉರಿಯಬೇಕಾದ ಕೆಂಪು ದೀಪ ಎಷ್ಟೋ ಡಬ್ಬಿಗಳಲ್ಲಿ ಉರಿಯುವುದೇ ಇಲ್ಲ. ಆ ದೀಪ ಯಾವ ಜಾಗದಲ್ಲಿ, ಯಾವ ಕಾರಣಕ್ಕೆ ಕೈಕೊಡುತ್ತದೆ ಎಂಬುದು ಮೊದಲೇ ಗೊತ್ತಿದೆ. ಹಾಗಾಗಿ ಅದರಿಂದ ಆಗಲಿರುವ ಸಾವನ್ನೂ ಈಗಲೇ ತಡೆಯಬಹುದು.

ಅಪಾಯದ ಲೆಕ್ಕ ಸರಳ. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಚಾಲಕ ಕಂಡು, ಗ್ರಹಿಸಿ, ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಎಂದರೂ 33 ಮೀಟರ್ ಹೋಯಿತು. ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲಲು ಇನ್ನೂ 35 ಮೀಟರ್ ಬೇಕು. ಒಟ್ಟು ಸುಮಾರು 70 ಮೀಟರ್. ಡಿಪ್ ಮಾಡಿದ ಹೆಡ್‌ಲೈಟಿಗೆ ಮಣ್ಣು ಬಣ್ಣದ, ದೀಪವಿಲ್ಲದ ಡಬ್ಬಿ ಕಾಣುವುದು 50 ಮೀಟರ್ ಆಸುಪಾಸಿನಲ್ಲಿ. ಎದುರು ವಾಹನದ ಬೆಳಕು ಕಣ್ಣಿಗೆ ಹೊಡೆದರೆ ಅದಕ್ಕಿಂತ ಹತ್ತಿರ. 50 ಮೀಟರಿನಲ್ಲಿ ಕಂಡರೂ, ರಸ್ತೆ ಬದಿ ನಿಂತ ಡಬ್ಬಿಗೆ ಕಾರು ಅಪ್ಪಳಿಸುವಾಗ ಅದರ ವೇಗ ಗಂಟೆಗೆ 55 ಕಿ.ಮೀ.ಗೂ ಹೆಚ್ಚಿರುತ್ತದೆ. ಡಬ್ಬಿಯ ತಳ ಬಂಪರಿಗಿಂತ ಎತ್ತರ. ಹೊರಚಾಚಿದ ಕಬ್ಬಿನ ತುದಿಯೂ ಕಬ್ಬಿಣದ ಅಂಚೂ ನೇರವಾಗಿ ಗಾಜಿಗೆ ಬಡಿಯುತ್ತವೆ. ಬೈಕ್ ಸವಾರನಾದರೆ ಎದೆಗೆ, ತಲೆಗೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 1,68,491 ಮಂದಿ. ಅಪಘಾತಗಳಲ್ಲಿ ಸುಮಾರು ಐದನೇ ಒಂದು ಭಾಗ ಹಿಂದಿನಿಂದ ಬಂದು ಗುದ್ದಿದಂಥವು.

ದೀಪ ಕೆಡುವುದು ಹೇಗೆ? ಬ್ಯಾಟರಿಯಿಂದ ಬಲ್ಬಿಗೆ ಕರೆಂಟು ವೈರಿನಲ್ಲಿ ಹೋಗುತ್ತದೆ, ಮರಳಿ ಬರಲು ಅದಕ್ಕೆ ಅರ್ಥಿಂಗ್ ಬೇಕು. ಟ್ರ್ಯಾಕ್ಟರಿನ ಹಿಂದಿರುವ ಏಳು ಪಿನ್ನಿನ ಸಾಕೆಟ್ಟಿನಲ್ಲಿ ಒಂದು ಪಿನ್ ಅದಕ್ಕೇ ಮೀಸಲು. ಪ್ಲಗ್ ಮುರಿದ ಮೇಲೆ ವೈರುಗಳನ್ನು ನೇರವಾಗಿ ಹೆಣೆದು ಟೇಪ್ ಸುತ್ತುವಾಗ ಹೆಚ್ಚಾಗಿ ಬಿಟ್ಟುಹೋಗುವುದು ಆ ಒಂದು ವೈರು. ಆದರೂ ದೀಪ ಉರಿಯುತ್ತದೆ, ಏಕೆಂದರೆ ಕರೆಂಟು ಡಬ್ಬಿಯನ್ನು ಎಂಜಿನ್ನಿಗೆ ಜೋಡಿಸುವ ಹುಕ್ಕು ಮತ್ತು ಪಿನ್ನಿನ ಕಬ್ಬಿಣದ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಹಂಗಾಮು ಮುಗಿದ ಮೇಲೆ ಡಬ್ಬಿ ಇಡೀ ಮಳೆಗಾಲ ಬಯಲಲ್ಲಿ ನೆನೆಯುತ್ತದೆ. ಹುಕ್ಕಿಗೆ ತುಕ್ಕು ಹಿಡಿಯುತ್ತದೆ, ಅದರ ಮೇಲೆ ಗ್ರೀಸು, ಕೆಸರು. ಟೇಪಿನೊಳಗಿನ ತಾಮ್ರದ ಎಳೆಗಳು ಹಸಿರುಗಟ್ಟಿ ಒಂದೊಂದಾಗಿ ತುಂಡಾಗುತ್ತವೆ. ರಾತ್ರಿ ಸಾಗಣೆ ಶುರುವಾಗುವ ಹೊತ್ತಿಗೇ ವೈರಿಂಗ್ ತನ್ನ ಅತಿ ಕೆಟ್ಟ ಸ್ಥಿತಿಯಲ್ಲಿರುತ್ತದೆ. ಎರಡನೇ ಡಬ್ಬಿಯ ಕರೆಂಟು ಇಂಥ ಎರಡು ಹುಕ್ಕು ದಾಟಬೇಕು.

12 ವೋಲ್ಟಿನಲ್ಲಿ 21 ವ್ಯಾಟಿನ ಬ್ರೇಕ್ ಬಲ್ಬಿಗೆ 1.75 ಆಂಪಿಯರ್ ಬೇಕು. ತುಕ್ಕಿನ ಜಾಯಿಂಟ್ ಎರಡೇ ಓಮ್ ಅಡ್ಡಿಯೊಡ್ಡಿದರೂ ಬಲ್ಬಿಗೆ ಸಿಗುವುದು ಸುಮಾರು 9 ವೋಲ್ಟ್. ವೋಲ್ಟೇಜ್ ಕಾಲುಭಾಗ ಇಳಿದರೆ ಬೆಳಕು ಶೇ. 60ರಷ್ಟು ಇಳಿಯುತ್ತದೆ, ತಂತಿಯ ಬಲ್ಬುಗಳ ಗುಣವೇ ಅದು.

ಈ ಅರ್ಥಿಂಗ್ ದೋಷವನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಇಂಡಿಕೇಟರ್ ಹಾಕಿದಾಗ ಹಿಂದಿನ ಕೆಂಪು ದೀಪವೂ ಜತೆಗೆ ಮಿಣುಕಿದರೆ, ಅಥವಾ ಬ್ರೇಕ್ ಒತ್ತಿದಾಗ ಅದು ಮಂಕಾದರೆ, ಬಲ್ಬ್ ಬದಲಿಸಿ ಪ್ರಯೋಜನವಿಲ್ಲ. ಮರಳುವ ದಾರಿ ಕಟ್ಟಿದ ಕರೆಂಟು ಬೇರೆ ಬಲ್ಬಿನ ಮೂಲಕ ನುಸುಳುತ್ತಿದೆ. ಬಲ್ಬ್ ಬಿಚ್ಚಿ ಮೀಟರ್ ಇಟ್ಟರೆ ಅದು 12 ವೋಲ್ಟ್ ತೋರಿಸಿ ದಾರಿ ತಪ್ಪಿಸುತ್ತದೆ. ಮೀಟರಿಗೆ ಬೇಕಾದ ಕರೆಂಟು ಎಷ್ಟು ಕಡಿಮೆಯೆಂದರೆ ತಾಮ್ರದ ಒಂದೇ ಎಳೆ ಉಳಿದಿದ್ದರೂ ಸಾಕು. ದೀಪ ಹಾಕಿಟ್ಟೇ ಅಳೆಯಬೇಕು: ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಬಲ್ಬ್ ಹೋಲ್ಡರಿನ ಲೋಹಕ್ಕೆ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಅರ್ಥಿಂಗಿನದು. ಮೀಟರ್ ಇಲ್ಲದಿದ್ದರೆ ಬ್ಯಾಟರಿಯ ಮೈನಸ್ಸಿನಿಂದ ಉದ್ದದ ವೈರೊಂದನ್ನು ಎಳೆದು ಹೋಲ್ಡರಿಗೆ ಮುಟ್ಟಿಸಿ. ದೀಪ ಥಟ್ಟನೆ ಪ್ರಖರವಾದರೆ ಉತ್ತರ ಸಿಕ್ಕಂತೆ.

ವೈರು ಹೆಣೆದು ಟೇಪ್ ಸುತ್ತುವುದಕ್ಕಿಂತ ಕೆಟ್ಟ ರೂಢಿಯೊಂದಿದೆ. ಫ್ಯೂಸ್ ಪದೇಪದೇ ಹೋದರೆ ಅಲ್ಲಿ ದಪ್ಪ ತಂತಿ ಸುತ್ತುವುದು. ಶಾರ್ಟ್ ಆದ ಜಾಗ ಹಾಗೇ ಉಳಿಯುತ್ತದೆ, ಕಾದು ಕರಗುವ ವೈರಿನ ಪಕ್ಕದಲ್ಲೇ ಕಬ್ಬಿನ ಒಣ ರವದಿ ಇರುತ್ತದೆ. ಫ್ಯೂಸ್ ಹೋದರೆ ಮೊದಲು ಶಾರ್ಟ್ ಹುಡುಕಬೇಕು.

ಪರಿಹಾರ ಒಬ್ಬ ಎಲೆಕ್ಟ್ರಿಷಿಯನ್ನನ ಅರ್ಧ ದಿನದ ಕೆಲಸ. ಹುಕ್ಕನ್ನು ನಂಬದೆ ಪ್ರತಿ ದೀಪಕ್ಕೂ ಸಾಕೆಟ್ಟಿನ ಪಿನ್ನಿನಿಂದ ಪ್ರತ್ಯೇಕ ಅರ್ಥಿಂಗ್ ವೈರ್ ಎಳೆಯಬೇಕು. ಹೆಣಿಗೆ, ಟೇಪು ಬಿಟ್ಟು ಲಗ್ ಒತ್ತಿ ನೀರು ಹೋಗದಂತೆ ಮುಚ್ಚಬೇಕು. ಸೀಲ್ ಮಾಡಿದ ಎಲ್‌ಇಡಿ ದೀಪ ಹಾಕಿದರೆ ಕಡಿಮೆ ಕರೆಂಟು ಸಾಕು. ಲೋಡ್ ಮಾಡಿದ ಮೇಲೆ ಕಬ್ಬಿನ ಗರಿ ದೀಪವನ್ನು ಮುಚ್ಚಿದೆಯೇ ಎಂದು ಹಿಂದೆ ಹೋಗಿ ನೋಡಬೇಕು. ಕರೆಂಟೇ ಬೇಡದ ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನು ಹಚ್ಚಿ, ಕೆಸರು ಒರೆಸುತ್ತಿರಬೇಕು. ದೀಪ ಕೆಟ್ಟ ರಾತ್ರಿ ಅದೊಂದೇ ಆಸರೆ.

ಇದನ್ನೆಲ್ಲ ಚಾಲಕನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಅನ್ಯಾಯ. ಅವನಿಗೆ ಟ್ರಿಪ್ ಲೆಕ್ಕ, ಮಾಲೀಕನಿಗೆ ಟನ್ ಲೆಕ್ಕ. ಕಾರ್ಖಾನೆಯ ಯಾರ್ಡಿನಲ್ಲಿ ಮಾತ್ರ ಪ್ರತಿ ಗಾಡಿಯೂ ತೂಕಕ್ಕಾಗಿ ಸಾಲಿನಲ್ಲಿ ನಿಲ್ಲಲೇಬೇಕು. ಖಾಲಿ ಡಬ್ಬಿ ಅಲ್ಲಿಂದ ಹೊರಡುವಾಗ ಗೇಟಿನಲ್ಲಿ ಸ್ವಿಚ್ ಹಾಕಿಸಿ, ಬ್ರೇಕ್ ಒತ್ತಿಸಿ ನೋಡಲು ಒಂದು ನಿಮಿಷ ಸಾಕು. ಯಾರ್ಡಿನಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಇರಲಿ, ದೀಪ ಉರಿಯದ ಗಾಡಿ ರಾತ್ರಿ ಗೇಟು ದಾಟದಿರಲಿ. ಸಾರಿಗೆ ಇಲಾಖೆ ಮತ್ತು ಜಿಲ್ಲಾಡಳಿತ ಇದನ್ನು ನುರಿಸುವಿಕೆ ಆರಂಭವಾಗುವ ಮೊದಲೇ ಕಡ್ಡಾಯ ಮಾಡಬೇಕು. ಅಪಘಾತವಾದ ಮೇಲೆ ಕೊಡುವ ಪರಿಹಾರದ ಹಣದ ಸಣ್ಣದೊಂದು ಪಾಲಿನಲ್ಲಿ ಎಷ್ಟೋ ಡಬ್ಬಿಗಳಿಗೆ ಅರ್ಥಿಂಗ್ ವೈರ್ ಎಳೆಯಬಹುದು.