ಶಾಂತಲಾ ಎಂದು ಕೂಗಿದರೆ ಈಗ ಯಾರು ತಿರುಗುತ್ತಾರೆ?

ಮನೆಯಲ್ಲಿ ಹೆಣ್ಣು ಪಾಪು ಹುಟ್ಟಿತೆಂದರೆ ಸಂಭ್ರಮದ ಹಿಂದೆಯೇ ತಲೆನೋವೂ ಶುರು. ಏನು ಹೆಸರಿಡೋದು? ಅಜ್ಜಿಗೆ ದೇವರ ಹೆಸರು ಬೇಕು, ತಾತನಿಗೆ ಅವರಮ್ಮನ ಹೆಸರು ಬೇಕು, ಅಪ್ಪ ಅಮ್ಮನಿಗೆ ‘ಯಾರೂ ಇಟ್ಟಿರಬಾರದು, ಎರಡೇ ಅಕ್ಷರ ಇರಬೇಕು, ಸ್ಟೈಲಾಗಿರಬೇಕು’. ಮೊಬೈಲಿನಲ್ಲಿ ಸಾವಿರ ಹೆಸರಿನ ಪಟ್ಟಿ ಸಿಗುತ್ತದೆ, ನಿಜ. ಆದರೆ ಶಾಲೆಗೆ ಸೇರಿಸುವ ಹೊತ್ತಿಗೆ ನೋಡಿದರೆ ಆ ‘ಯಾರೂ ಇಟ್ಟಿರದ’ ಹೆಸರಿನ ಮಕ್ಕಳು ಒಂದೇ ಕ್ಲಾಸಿನಲ್ಲಿ ಮೂವರು!

ನಮ್ಮ ಎದುರುಮನೆಯ ಹುಡುಗಿಯೂ ಬಾಣಂತನದ ದಿನಗಳಲ್ಲಿ ಇಂಥದೇ ಪಟ್ಟಿ ಹಿಡಿದು ಕುಳಿತಿದ್ದಳು. “ಆಂಟಿ, ಅಪರೂಪದ್ದೂ ಆಗಿರಬೇಕು, ನಮ್ಮದೂ ಆಗಿರಬೇಕು. ಒಂದು ಹೇಳಿ” ಅಂದಳು. ನನ್ನ ಬಾಯಿಗೆ ತಟ್ಟನೆ ಬಂದದ್ದು ‘ಶಾಂತಲಾ’. ಅವಳ ಮುಖ ಅರಳಿತು. ಆದರೆ ಒಳಗಿನಿಂದ ಅವಳ ಅತ್ತೆ ಬಂದರು. “ಮಕ್ಕಳಿಲ್ಲ ಅಂತ ಕೊರಗಿ ಬೆಟ್ಟದಿಂದ ಹಾರಿದವಳ ಹೆಸರನ್ನ ಹಸುಗೂಸಿಗೆ ಇಡ್ತಾರೇನಮ್ಮಾ?” ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಸುಮ್ಮನೆ ಎದ್ದು ಬಂದೆ. ಆದರೆ ಆ ಮಾತು ಬಿಡಲಿಲ್ಲ. ಹುಡುಕುತ್ತಾ ಹೋದ ಹಾಗೆ ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಹೆಸರು ಬಂದದ್ದೆಲ್ಲಿಂದ?

ಹನ್ನೆರಡನೇ ಶತಮಾನದ ಆಸುಪಾಸಿನ ಹೊಯ್ಸಳ ರಾಣಿಯರ ಹೆಸರುಗಳನ್ನು ಒಂದು ಸಲ ಸಾಲಾಗಿ ಓದಿ ನೋಡಿ. ಏಚಲದೇವಿ, ಪದ್ಮಲದೇವಿ, ಚಾಮಲದೇವಿ, ಬಮ್ಮಲದೇವಿ, ರಾಜಲದೇವಿ, ಕೇತಲದೇವಿ... ಎಲ್ಲದರಲ್ಲೂ ಒಂದು ‘ಲ’ ಇದೆ, ಗಮನಿಸಿದಿರಾ? ನಮ್ಮ ಕಾಲದಲ್ಲಿ ‘ಶ್ರೀ’ ಸೇರಿಸಿ ಭಾಗ್ಯಶ್ರೀ, ಜಯಶ್ರೀ, ವಿಜಯಶ್ರೀ ಎನ್ನುತ್ತಿದ್ದರಲ್ಲ, ಹಾಗೆ ಆಗ ‘ಲ’ ಸೇರಿಸುವುದು ಫ್ಯಾಷನ್ನು. ‘ಶಾಂತ’ಕ್ಕೆ ‘ಲ’ ಸೇರಿ ಶಾಂತಲ. ಶಾಂತಲೆ, ಶಾಂತಲಾ, ಶಾಂತಲದೇವಿ ಎಲ್ಲ ಒಂದೇ.

ಇಷ್ಟೂ ಹೆಸರುಗಳಲ್ಲಿ ಇಂದು ನಮಗೆ ಪರಿಚಿತವಾಗಿ ಉಳಿದದ್ದು ಇದೊಂದೇ. ಏಚಲಾ, ಕೇತಲಾ ಅಂತ ಯಾರಾದರೂ ಕರೆದದ್ದು ನೀವು ಕೇಳಿದ್ದೀರಾ? ಶಾಂತಲಾ ಮಾತ್ರ ಯಾಕೆ ಉಳಿಯಿತು? ಆ ಹೆಸರು ಹೊತ್ತವಳು ಅಂಥವಳು, ಅದಕ್ಕೇ.

ಪಟ್ಟದ ರಾಣಿಯ ಪಟ್ಟು

ಶಾಂತಲೆಯ ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜೈನಳು. ಕೈಹಿಡಿದ ವಿಷ್ಣುವರ್ಧನ ವೈಷ್ಣವನಾದನೆಂಬುದು ನಮಗೆಲ್ಲ ಗೊತ್ತಿರುವ ಕಥೆ. ಶಾಂತಲೆ ಮಾತ್ರ ಕೊನೆಯವರೆಗೂ ತಾಯಿಯ ಧರ್ಮದಲ್ಲೇ ಇದ್ದಳು. ಹಾಗಂತ ಗಂಡನ ದೇವರನ್ನು ದೂರವಿಟ್ಟಳೇ? ಇಲ್ಲ. ಬೇಲೂರಿನ ಚೆನ್ನಕೇಶವ ದೇಗುಲ 1117ರದು. ಅದೇ ಪ್ರಾಂಗಣದಲ್ಲಿರುವ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದವಳು ಈಕೆಯೇ. ಹಳೇಬೀಡಿನ ಜೋಡಿ ಗುಡಿಗಳಲ್ಲಿ ಒಂದು ಹೊಯ್ಸಳೇಶ್ವರನದು, ಇನ್ನೊಂದು ಈಕೆಯ ಹೆಸರಿನ ಶಾಂತಲೇಶ್ವರನದು. ಒಂದೇ ಮನೆಯಲ್ಲಿ ಮೂರು ನಂಬಿಕೆ! ಅತ್ತೆಮನೆ, ತವರುಮನೆ ಪದ್ಧತಿಗಳ ನಡುವೆ ದಿನವೂ ತೂಗಾಡುವ ನಮಗೆ ಇದರ ಕಷ್ಟ ಬಿಡಿಸಿ ಹೇಳಬೇಕೆ?

1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಿನಾಥನಿಗೆ ಬಸದಿ ಕಟ್ಟಿಸಿದಳು. ಅದರ ಹೆಸರು ಸವತಿಗಂಧವಾರಣ ಬಸದಿ. ಅದು ಅವಳ ಬಿರುದೇ. ಅಂದರೆ ಸವತಿಯರ ಪಾಲಿಗೆ ಮದ್ದಾನೆಯಂಥವಳು ಅಂತ! ನಮ್ಮ ಧಾರಾವಾಹಿಗಳ ನಾಯಕಿಯರೂ ಈ ಬಿರುದು ಕೇಳಿ ಬೆಚ್ಚಬೇಕು. ಹಾಡು, ವಾದ್ಯ, ನೃತ್ಯ ಮೂರರಲ್ಲೂ ಅವಳು ನಿಪುಣೆ ಎಂದು ಶಾಸನಗಳು ಹೊಗಳುತ್ತವೆ. ನೃತ್ಯ ಕಲಾವಿದರಿಗೆ ರಾಜ್ಯ ಸರ್ಕಾರ ಕೊಡುವ ಪ್ರಶಸ್ತಿಗೆ ‘ಶಾಂತಲಾ ನಾಟ್ಯಶ್ರೀ’ ಎಂಬ ಹೆಸರು ಬಂದದ್ದು ಅದರಿಂದಲೇ.

ಇನ್ನು ಆ ಬೆಟ್ಟದ ಮಾತು. ಬೆಂಗಳೂರಿನಿಂದ ತುಮಕೂರಿಗೆ ಹೋಗುವಾಗ ಸಿಗುವ ಶಿವಗಂಗೆಯ ಬೆಟ್ಟದಲ್ಲಿ ‘ಶಾಂತಲಾ ಡ್ರಾಪ್’ ಎಂದು ಒಂದು ಜಾಗವನ್ನು ಇವತ್ತಿಗೂ ತೋರಿಸುತ್ತಾರೆ. ಮಕ್ಕಳಿಲ್ಲದ ಕೊರಗಿನಲ್ಲಿ ಅಲ್ಲಿಂದ ಹಾರಿದಳೆಂಬುದು ಜನರ ಬಾಯಿಂದ ಬಾಯಿಗೆ ಬಂದ ಕಥೆ. ಶ್ರವಣಬೆಳಗೊಳದ ಶಾಸನದಲ್ಲಿರುವುದು 1131ರಲ್ಲಿ ಅವಳು ಶಿವಗಂಗೆಯಲ್ಲಿ ದೇಹ ಬಿಟ್ಟಳು ಎಂದಷ್ಟೇ. ಹಾರಿದ ಮಾತು ಅಲ್ಲಿಲ್ಲ. ಅಲ್ಲಿರುವುದು ಬೇರೆಯೇ ಒಂದು ಸಂಕಟ. ಮಗಳು ಹೋದ ಮೇಲೆ ತಾನು ಇರಲಾರೆನೆಂದು ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಉಪವಾಸ ವ್ರತ ಹಿಡಿದು ಪ್ರಾಣ ಬಿಟ್ಟಳಂತೆ. ಒಬ್ಬ ಹೆಣ್ಣಿನ ಇಡೀ ಬದುಕನ್ನು ‘ಮಕ್ಕಳಿರಲಿಲ್ಲ, ಪಾಪ’ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುವುದು ಎಷ್ಟು ಸುಲಭ ಅಲ್ಲವೇ? ನಮ್ಮ ಸುತ್ತಮುತ್ತಲೂ ಇದು ನಡೆಯುತ್ತಲೇ ಇದೆ.

ಕಾದಂಬರಿಯಿಂದ ತೊಟ್ಟಿಲಿಗೆ

ಶಾಸನದಲ್ಲಿದ್ದ ಹೆಸರನ್ನು ನಮ್ಮ ಮನೆಗಳಿಗೆ ತಂದವರಲ್ಲಿ ಕಾದಂಬರಿಕಾರರ ಪಾಲು ದೊಡ್ಡದು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ‘ಶಾಂತಲಾ’ ಬರೆದರು. ಕಸರತ್ತಿನ ಮೈಯೊಳಗೆ ಎಂಥ ಮೃದು ಮನಸ್ಸು ನೋಡಿ! ಆಮೇಲೆ ಸಿ.ಕೆ. ನಾಗರಾಜರಾವ್ ಅವರ ಬೃಹತ್ ಕಾದಂಬರಿ ‘ಪಟ್ಟಮಹಾದೇವಿ ಶಾಂತಲದೇವಿ’ ಬಂತು. ಮೊಟ್ಟಮೊದಲ ಮೂರ್ತಿದೇವಿ ಪ್ರಶಸ್ತಿ, 1983ರದು, ಇದಕ್ಕೇ ಸಂದಿತು. ನಮ್ಮಮ್ಮನ ವಯಸ್ಸಿನವರು ಲೈಬ್ರರಿಯಿಂದ ತಂದು ಅಡುಗೆಮನೆಯಲ್ಲೇ ಓದಿ ಮುಗಿಸಿದ ಪುಸ್ತಕಗಳಿವು. ನಿಮ್ಮ ಬೀದಿಯಲ್ಲಿ ಒಬ್ಬರು ಶಾಂತಲಾ ಟೀಚರೋ ಬ್ಯಾಂಕಿನ ಶಾಂತಲಾ ಮೇಡಮ್ಮೋ ಇದ್ದರೆ ಕೇಳಿ ನೋಡಿ, ಹೆಸರಿನ ಹಿಂದೆ ಕಾದಂಬರಿ ಓದಿದ ಒಬ್ಬ ಅಮ್ಮ ಇದ್ದರೂ ಇರಬಹುದು. ಆದರೆ ಎಲ್‌ಕೆಜಿಯ ಹಾಜರಿ ಪುಸ್ತಕದಲ್ಲಿ ಈ ಹೆಸರು ಈಗ ಅಪರೂಪ.

ಕಡಲಾಚೆಯ ಶಾಂತಲಾ

ಇಲ್ಲಿ ಮರೆಯಾಗುತ್ತಿರುವ ಹೆಸರು ಬ್ರೆಜಿಲ್ ದೇಶದ ಅಮ್ಮಂದಿರಿಗೆ ಚೆನ್ನಾಗಿ ಗೊತ್ತು ಎಂದರೆ ನಂಬುತ್ತೀರಾ? ಫ್ರೆಡರಿಕ್ ಲೆಬೋಯೆ ಎಂಬ ಫ್ರಾನ್ಸಿನ ಹೆರಿಗೆ ತಜ್ಞರು ಕಲ್ಕತ್ತಾಕ್ಕೆ ಬಂದಿದ್ದಾಗ ಒಬ್ಬ ತಾಯಿ ನೆಲದ ಮೇಲೆ ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವುದನ್ನು ನೋಡಿದರು. ನಮ್ಮ ಮನೆಗಳಲ್ಲಿ ಎಣ್ಣೆನೀರು ಹಾಕುವ ಅಜ್ಜಿಯರು ಕೂರುವುದೂ ಹೀಗೇ ಅಲ್ಲವೇ? ಆ ತಾಯಿಯ ಹೆಸರು ಶಾಂತಲಾ. 1976ರಲ್ಲಿ ಅವರು ಚಿತ್ರಗಳೊಂದಿಗೆ ತಂದ ಪುಸ್ತಕಕ್ಕೆ ಅವಳ ಹೆಸರನ್ನೇ ಇಟ್ಟರು. ಕೊನೆಗೆ ಮಗುವಿಗೆ ಎಣ್ಣೆ ತಿಕ್ಕುವ ಆ ಕಲೆಗೇ ‘ಶಾಂತಲಾ’ ಎಂಬ ಹೆಸರು ನಿಂತಿತು. 2017ರಲ್ಲಿ ಬ್ರೆಜಿಲ್ ಸರ್ಕಾರ ತನ್ನ ಸಾರ್ವಜನಿಕ ಆರೋಗ್ಯ ಸೇವೆಯ ಪೂರಕ ಪದ್ಧತಿಗಳ ಪಟ್ಟಿಗೆ ಯೋಗ, ಆಯುರ್ವೇದಗಳ ಜೊತೆ ‘ಶಾಂತಲಾ’ವನ್ನೂ ಸೇರಿಸಿತು.

ಅಂದಹಾಗೆ, ಫ್ರಾನ್ಸಿನಲ್ಲಿ ‘ಶಾಂತಾಲ್’ ಎಂಬ ಹೆಂಗಸರ ಹೆಸರೂ ಇದೆ. ಇದೇ ಹೆಸರು ಅಲ್ಲಿಗೆ ಹೋಗಿದೆ ಅಂದುಕೊಳ್ಳಬೇಡಿ. ಅದು ಸಂತ ಜೇನ್ ಅವರ ಮನೆತನದಿಂದ ಬಂದದ್ದು, ಮೂಲ ಅರ್ಥ ‘ಕಲ್ಲು’. ಕಿವಿಗೆ ಒಂದೇ ಥರ ಕೇಳಿದ ಮಾತ್ರಕ್ಕೆ ಅರ್ಥ ಒಂದೇ ಆಗುವುದಿಲ್ಲ. ಪಟ್ಟಿ ನೋಡಿ ಹೆಸರು ಆರಿಸುವವರು ನೆನಪಿಡಬೇಕಾದ ಮಾತಿದು.

ಹೆಸರಿಡುವ ಮುನ್ನ

* ಹೆಸರಿನ ಅರ್ಥವನ್ನು ಒಂದೇ ಪಟ್ಟಿಯಲ್ಲಿ ನೋಡಿ ನಂಬಬೇಡಿ. ನಿಘಂಟು ತೆಗೆಯಿರಿ, ಮನೆಯ ಹಿರಿಯರನ್ನೋ ಕನ್ನಡ ಮೇಷ್ಟ್ರನ್ನೋ ಕೇಳಿ.

* ಹೆಸರನ್ನು ಜೋರಾಗಿ ಹತ್ತು ಸಲ ಕೂಗಿ ನೋಡಿ. ಅಜ್ಜಿಯ ಬಾಯಿಗೂ ಸಲೀಸಾಗಿ ಬರಬೇಕು. ‘ಶಾಂತೂ’ ಅಂತ ಮುದ್ದಿಗೆ ಮೊಟಕಾದರೂ ಚೆನ್ನಾಗಿರಬೇಕು.

* ಜನ್ಮನಕ್ಷತ್ರದ ಅಕ್ಷರ ಬೇರೆ ಬಂದರೆ ಜಗಳ ಬೇಡ. ಆ ಅಕ್ಷರದ ಹೆಸರನ್ನು ತೊಟ್ಟಿಲ ಹೆಸರಾಗಿಟ್ಟು, ಕರೆಯಲು ಮೆಚ್ಚಿನ ಹೆಸರು ಇಟ್ಟುಕೊಳ್ಳಬಹುದು.

* ಇಂಗ್ಲಿಷಿನಲ್ಲಿ ‘ತ’ಕ್ಕೆ ಬರೀ ‘ಟಿ’ಯೋ ‘ಟಿ ಎಚ್’ಓ ಎಂದು ಮೊದಲೇ ತೀರ್ಮಾನಿಸಿ. ಜನನ ಪ್ರಮಾಣಪತ್ರ, ಆಧಾರ್, ಶಾಲೆ ಎಲ್ಲದರಲ್ಲೂ ಒಂದೇ ಇರಲಿ.

* ಜನನವನ್ನು 21 ದಿನದೊಳಗೆ ನೋಂದಾಯಿಸಿ. ಹೆಸರು ನಿಕ್ಕಿಯಾಗಿಲ್ಲವೆಂದು ನೋಂದಣಿ ತಡಮಾಡಬೇಡಿ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಈ ಪ್ರಮಾಣಪತ್ರವೇ ಆಧಾರ.

ಎದುರುಮನೆಯ ಕಥೆ ಏನಾಯ್ತು ಅಂತೀರಾ? ಇದನ್ನೆಲ್ಲ ಹೇಳಿದಾಗ ಆ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಎಣ್ಣೆ ತಿಕ್ಕೋದಕ್ಕೂ ಆ ಹೆಸರೇನು?” ಎಂದು ಎರಡೆರಡು ಸಲ ಕೇಳಿದರು. ನಾಮಕರಣದ ದಿನ ಅಕ್ಕಿಯ ಮೇಲೆ ಎರಡು ಹೆಸರು ಬರೆದರು. ಮೊದಲನೆಯದು ಅಜ್ಜಿ ಆರಿಸಿದ ದೇವಿಯ ಹೆಸರು, ಎರಡನೆಯದು ಶಾಂತಲಾ.

ಈಗ ಬೆಳಿಗ್ಗೆ ಎಂಟಕ್ಕೆ ಅವರ ಬಚ್ಚಲುಮನೆಯಿಂದ ಮಗುವಿನ ಅಳು, ಅದರ ಮೇಲೆ ಅಜ್ಜಿಯ ದನಿ ಕೇಳಿಸುತ್ತದೆ. “ಆಯ್ತು ಆಯ್ತು, ಇನ್ನೊಂದೇ ಚೊಂಬು ಶಾಂತಲಾ ರಾಣೀ...” ದೇವಿಯ ಹೆಸರು ಕೂಗಿದ್ದನ್ನು ನಾನಂತೂ ಇನ್ನೂ ಕೇಳಿಲ್ಲ!